ಸ್ಮಾರಕಗೃಹಗಳೂ ಮೌನೋಪಾಸನೆಯೂ

ಕನ್ನಡ ನಾಡಿನ ಹಿರಿಯರು ಬಾಳಿ ಬದುಕಿದ ಮನೆಗಳನ್ನು ಸ್ಮಾರಕಗಳನ್ನಾಗಿ ಉಳಿಸಿಕೊಳ್ಳಬೇಕೆಂಬ ವಿವೇಕ ನಮ್ಮಲ್ಲಿ ತಡವಾಗಿಯಾದರೂ ಮೂಡಿದೆಯೆಂಬುದು ಸಮಾಧಾನದ ಸಂಗತಿ. ಕುಪ್ಪಳಿಯಲ್ಲಿ ಕುವೆಂಪು ಅವರ ಪೂರ್ವಿಕರ ಮನೆ, ಪುತ್ತೂರಿನಲ್ಲಿ ಶಿವರಾಮ ಕಾರಂತರ ಬಾಲವನ, ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ, ಮೈಸೂರಿನ ಯಾದವಗಿರಿಯಲ್ಲಿ ಆರ್. ಕೆ. ನಾರಾಯಣರ ಮನೆ, ಇವೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಕಾಲನ ಬಾಯಿಂದ ಪಾರಾಗಿ ಸಾರ್ವಜನಿಕರ ಸ್ವತ್ತಾಗಿ ನಿಂತಿವೆ. ಆದರೆ ಮನೆಗಳು ಉಳಿದುದರ ಜೊತೆಯಲ್ಲಿಯೇ, ಉಳಿದ ಮನೆಯನ್ನು ಹೇಗೆ ನಡೆಸಿಕೊಳ್ಳಬೇಕೆಂಬ ವಿಷಯದಲ್ಲಿ ಒಂದು ಅಭಿಪ್ರಾಯವು ನಮ್ಮ ವಿದ್ಯಾವಂತರ ಮನಸ್ಸಿನಲ್ಲಿ ಬಲವಾಗಿ ಬೇರೂರಿ, ಅದನ್ನು ಪ್ರಶ್ನಿಸುವುದೇ ಅಸಂಸ್ಕೃತಿಯೆನ್ನುವ ಮಟ್ಟಕ್ಕೆ ಬಂದಿದೆ.

ಆ ಅಭಿಪ್ರಾಯವನ್ನು ಅದರ ಪಕ್ಷದವರು ಹೇಳುವಂತೆಯೇ ಮೊದಲು ನಿರೂಪಿಸುವುದು ನ್ಯಾಯ. ಮಹನೀಯರ ಮನೆ ದೇವಾಲಯಕ್ಕೆ ಸಮಾನವಾದುದು. ಅಲ್ಲಿಗೆ ಬರತಕ್ಕವನು ಭಕ್ತಿಯಿಂದ ಬರತಕ್ಕದ್ದು. ದನಿಯಡಗಿಸಿ, ಕಟ್ಟಿದ ಹಗ್ಗದ ಈಚೆ ನಿಂತು, ಗಾಜಿನ ಕಪಾಟಿನೊಳಗಿನ ಕನ್ನಡಕ, ಲೇಖನಿ, ಕೋಟು, ಪದಕಗಳನ್ನು ಕಣ್ತುಂಬ ನೋಡಿ, ಸಂದರ್ಶಕರ ಪುಸ್ತಕದಲ್ಲಿ ಎರಡು ಸಾಲು ಬರೆದು ಹೊರಡತಕ್ಕದ್ದು. ಕಟ್ಟಡದ ಜೀರ್ಣೋದ್ಧಾರವಾಗಿ, ವಸ್ತುಗಳು ಭದ್ರವಾಗಿ, ಜಯಂತಿಯ ದಿನ ಭಾವಚಿತ್ರಕ್ಕೆ ಮಾಲಾರ್ಪಣೆಯಾದರೆ ನಾಡು ತನ್ನ ಋಣ ತೀರಿಸಿದಂತೆ. ಇದಕ್ಕೆ ಮೀರಿ, ಕೋಣೆ ಕೋಣೆಗೂ ನಿಲ್ಲಿಸಿ ಕಥೆ ಹೇಳುವ ಮಾರ್ಗದರ್ಶಕರು, ಮಕ್ಕಳ ಕೂಟಗಳು, ಊರವರ ಹಾಡು, ಕುಣಿತ, ಸಹಭೋಜನ ಇವೆಲ್ಲ ಆ ಸ್ಥಳದ ಪಾವಿತ್ರ್ಯಕ್ಕೆ ಭಂಗ ತರುವ ಗದ್ದಲಗಳು. ಈ ಮಾತನ್ನು ಹೇಳುವವರು ಕೆಟ್ಟವರಲ್ಲ, ಸೋಮಾರಿಗಳೂ ಅಲ್ಲ; ಬಹುಮಟ್ಟಿಗೆ ಅವರು ಸಾಹಿತ್ಯವನ್ನು ಪ್ರೀತಿಸುವವರು, ಸಾರ್ವಜನಿಕ ಸ್ಥಳಗಳ ದುರವಸ್ಥೆಯನ್ನು ಕಂಡು ನೊಂದವರು. ಆದುದರಿಂದಲೇ ಅವರ ಅಭಿಪ್ರಾಯಕ್ಕೆ ಇಷ್ಟು ಪ್ರಾಬಲ್ಯ. ಆದುದರಿಂದಲೇ ಅದನ್ನು ಬೇರುಸಹಿತ ಪರೀಕ್ಷಿಸುವುದು ಅವಶ್ಯ. ನನ್ನ ದೃಢವಾದ ನಂಬಿಕೆ ಇದು: ಹೇಳುವವರಿಲ್ಲದ, ಊರು ಬಳಸದ ಸ್ಮಾರಕಗೃಹವು ಯಾರ ಸ್ಮರಣೆಗಾಗಿ ಉಳಿಯಿತೋ ಅವರನ್ನೇ ಮರೆಸುವ ಸಾಧನವಾಗುತ್ತದೆ, ಮೌನವನ್ನು ನಿಯಮ ಮಾಡಿದವರು ಪೂಜೆಯ ಹೆಸರಿನಲ್ಲಿ ವಿಸ್ಮೃತಿಯನ್ನು ಪೋಷಿಸುತ್ತಿದ್ದಾರೆ.

ಮೊದಲನೆಯದಾಗಿ, ಈ ಮನೆಗಳು ಎಂದಾದರೂ ಮೌನದ ಮನೆಗಳಾಗಿದ್ದುವೆ? ಕುಪ್ಪಳಿಯನ್ನೇ ತೆಗೆದುಕೊಳ್ಳೋಣ. ಅದು ಮಲೆನಾಡಿನ ತೊಟ್ಟಿಯ ಮನೆ. ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಜಗುಲಿ, ಮೇಲೆ ಉಪ್ಪರಿಗೆಗಳು, ಹಿಂದೆ ಅಡುಗೆಮನೆ, ಬಚ್ಚಲು, ಕೊಟ್ಟಿಗೆ. ಇಂಥ ಮನೆಯನ್ನು ಕಟ್ಟಿದವರು ಒಂಟಿ ಮನುಷ್ಯನ ಧ್ಯಾನಕ್ಕಾಗಿ ಕಟ್ಟಲಿಲ್ಲ. ಕೂಡುಕುಟುಂಬದ ಹತ್ತಾರು ಜನ, ಬಂದುಹೋಗುವ ನೆಂಟರು, ಆಳುಕಾಳುಗಳು, ಗದ್ದೆ ತೋಟಗಳಿಂದ ಬಂದ ಫಸಲು, ನಾಯಿ ಕರು ಕೋಳಿಗಳು, ಇವೆಲ್ಲದರ ಓಡಾಟಕ್ಕೆ ತಕ್ಕಂತೆ ಅದರ ಪ್ರತಿಯೊಂದು ಮುಂಡಿಗೆಯೂ ಪ್ರತಿಯೊಂದು ಹೊಸ್ತಿಲೂ ನೆಲೆಗೊಂಡಿವೆ. ಬಾಲಕ ಪುಟ್ಟಪ್ಪನಿಗೆ, ಎಂದರೆ ಮುಂದಿನ ಕುವೆಂಪು ಅವರಿಗೆ, ಮೊದಲ ಪಾಠಗಳಾದದ್ದು ದಕ್ಷಿಣ ಕನ್ನಡದಿಂದ ಕರೆಸಿಕೊಂಡ ಅಧ್ಯಾಪಕರಿಂದ, ಮನೆಯಲ್ಲಿಯೇ. ಎಂದರೆ ಆ ಮನೆ ಒಂದು ಕಾಲಕ್ಕೆ ಶಾಲೆಯೂ ಆಗಿತ್ತು. ಮುಂದೆ 1966ರ ನವೆಂಬರಿನಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ವಿವಾಹವು ಪುರೋಹಿತರಿಲ್ಲದೆ, ವರದಕ್ಷಿಣೆಯಿಲ್ಲದೆ, ಆಡಂಬರವಿಲ್ಲದೆ ಮಂತ್ರಮಾಂಗಲ್ಯದ ವಿಧಿಯಿಂದ ನಡೆದದ್ದು ಕುಪ್ಪಳಿಯಲ್ಲಿಯೇ. ಕನ್ನಡಿಗರ ಸಾಮಾಜಿಕ ಇತಿಹಾಸದಲ್ಲಿ ಆ ಊರಿನ ಹೆಸರನ್ನು ಸ್ಥಿರಗೊಳಿಸಿದ ಘಟನೆಗಳಲ್ಲಿ ಅದೊಂದು; ಅದು ಜನ ಕೂಡಿದ ಒಂದು ಕೂಟ, ಒಂದು ಮದುವೆ. ಕೂಟಗಳಿಂದಲೇ ಹೆಸರಾದ ನೆಲದಲ್ಲಿ ಕೂಟ ಕೂಡದೆನ್ನುವುದು ಯಾವ ನಿಷ್ಠೆ?

ಕಾರಂತರ ವಿಷಯದಲ್ಲಂತೂ ಈ ಅಸಂಗತಿ ಇನ್ನೂ ಸ್ಪಷ್ಟ. ಪುತ್ತೂರಿನ ಬಾಲವನವು ಅದರ ಹೆಸರೇ ಹೇಳುವಂತೆ ಮಕ್ಕಳಿಗಾಗಿ ಎದ್ದುದು. ಅಲ್ಲಿ ಅವರು ಶಿಕ್ಷಣದ ಪ್ರಯೋಗ ಮಾಡಿದರು, ನಾಟಕವಾಡಿಸಿದರು, ಕುಣಿದರು, ಕುಣಿಸಿದರು, ಮುದ್ರಣಾಲಯ ನಡೆಸಿದರು. ದೇವರೆದುರಿಗೇ ತಲೆಬಾಗದೆ ಪ್ರಶ್ನೆ ಕೇಳಿದ ಆ ಪುರುಷನ ಮನೆಯನ್ನು ಗುಡಿ ಮಾಡಿ, ಮಕ್ಕಳನ್ನು ಸದ್ದು ಮಾಡಬೇಡಿರೆಂದು ಗದರಿಸಿದರೆ, ಅವರ ಜೀವನದ ತಿರುಳನ್ನು ಹೊರಗೆಸೆದು ಸಿಪ್ಪೆಗೆ ನಮಸ್ಕರಿಸಿದಂತೆ ಆಗುತ್ತದೆ. ಬಾಲವನದಲ್ಲಿ ಇಂದಿಗೂ ಮಕ್ಕಳ ಕಾರ್ಯಕ್ರಮಗಳು ನಡೆಯುತ್ತಿರುವುದು ನಾಡಿನ ಪುಣ್ಯ. ಅವು ಸ್ಮಾರಕಕ್ಕೆ ಅಂಟಿಸಿದ ಅಲಂಕಾರಗಳಲ್ಲ, ಅವೇ ಅಲ್ಲಿನ ನಿಜವಾದ ಸ್ಮಾರಕ. ಧಾರವಾಡದಲ್ಲಿಯೂ ಇದೇ ಮಾತು. ಬೇಂದ್ರೆಯವರ ಕಾವ್ಯವು ಗೆಳೆಯರ ಗುಂಪಿನ ನಡುವೆ ಓದಿ, ಹಾಡಿ, ವಾದಿಸಿ ಬೆಳೆದ ಕಾವ್ಯ. ಅವರ ಕವಿತೆಯನ್ನು ದನಿಯೆತ್ತಿ ಹಾಡಲಾಗದ ಸ್ಥಳವು ಅವರ ಸ್ಮಾರಕವಾಗಲಾರದು.

ಎರಡನೆಯದಾಗಿ, ವಸ್ತುಗಳು ತಾವಾಗಿಯೇ ಮಾತಾಡುತ್ತವೆ, ನಡುವೆ ವಿವರಿಸುವವನ ಹಂಗೇಕೆ ಎಂಬ ವಾದವಿದೆ. ಇದು ಕೇಳುವುದಕ್ಕೆ ಕಾವ್ಯಮಯವಾಗಿದ್ದರೂ ನಿಜವಲ್ಲ. ಯಾದವಗಿರಿಯ ಮನೆಯ ಮಹಡಿಯಲ್ಲಿ ನಾರಾಯಣರು ಬರೆಯಲೆಂದು ಕಟ್ಟಿಸಿಕೊಂಡ ಕೋಣೆಯಿದೆ; ಅದಕ್ಕೆ ಸುತ್ತಲೂ ಎಂಟು ಕಿಟಕಿಗಳು. ಸುಮ್ಮನೆ ನೋಡಿ ಹೋಗುವವನಿಗೆ ಅದು ಗಾಳಿ ಬೆಳಕುಗಳುಳ್ಳ ಒಂದು ಕೋಣೆ, ಅಷ್ಟೆ. ಆದರೆ ತೆಂಕಣ ಕಿಟಕಿಯ ಬಳಿ ನಿಲ್ಲಿಸಿ ಒಬ್ಬರು ಹೇಳಬೇಕು: ಇಲ್ಲಿಂದ ಚಾಮುಂಡಿಬೆಟ್ಟ ಕಾಣುತ್ತಿತ್ತು, ಆ ಕಡೆ ನಗರದ ಗೋಪುರಗಳು, ಈ ಕಡೆ ಮೇಯುವ ದನಕುರಿಗಳು, ಹಾದುಹೋಗುವ ರೈಲು, ನೋಟವೆಲ್ಲವೂ ಬೇಕೆಂದು ಇಷ್ಟೊಂದು ಕಿಟಕಿ ಇರಿಸಿಕೊಂಡ ಲೇಖಕರು, ಆ ನೋಟವೇ ಬರವಣಿಗೆಗೆ ಅಡ್ಡಿಯಾಯಿತೆಂದು ಕಡೆಗೆ ದೊಡ್ಡ ಪರದೆಯೊಂದನ್ನು ಎಳೆದುಕೊಂಡು ಬರೆಯಬೇಕಾಯಿತು. ಈ ಮಾತು ಕಿವಿಗೆ ಬಿದ್ದ ಕ್ಷಣದಲ್ಲಿ ಸಂದರ್ಶಕನ ಮುಂದೆ ಒಬ್ಬ ಮನುಷ್ಯ ಎದ್ದು ನಿಲ್ಲುತ್ತಾನೆ. ಲೋಕವನ್ನು ಪ್ರೀತಿಸುವುದಕ್ಕೂ ಅದರ ಕುರಿತು ಬರೆಯುವುದಕ್ಕೂ ನಡುವೆ ಇರುವ ಜಗಳ ಅರ್ಥವಾಗುತ್ತದೆ. ಗೋಡೆಯೂ ಗಾಜೂ ಈ ಕೆಲಸವನ್ನು ಮಾಡಲಾರವು.

ಇದಕ್ಕೆ ಪೂರಕವಾಗಿ ಕಣ್ಣಾರೆ ಕಂಡ ಒಂದು ಪ್ರಸಂಗವನ್ನು ಹೇಳುತ್ತೇನೆ. ಸ್ಥಳದ ಹೆಸರು ಬೇಡ, ಏಕೆಂದರೆ ತಪ್ಪು ಒಂದು ಸ್ಥಳದ್ದಲ್ಲ. ಸ್ಮಾರಕಗೃಹವೊಂದರ ಅಡುಗೆಮನೆಯಲ್ಲಿ ಒರಳು, ಬೀಸುವ ಕಲ್ಲು, ಕಡೆಗೋಲು, ಅನ್ನ ಬಸಿಯುವ ಮರಿಗೆಗಳನ್ನು ಜೋಡಿಸಿ, ಒಂದೊಂದರ ಮುಂದೆಯೂ ಹೆಸರಿನ ಚೀಟಿ ಇಟ್ಟಿದ್ದರು. ಹಳ್ಳಿಯಿಂದ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದ ವೃದ್ಧೆಯೊಬ್ಬರು ಬೀಸುವ ಕಲ್ಲನ್ನು ಕಂಡೊಡನೆ ಹಗ್ಗದ ಬಳಿಯೇ ಕುಕ್ಕುರುಗಾಲಿನಲ್ಲಿ ಕುಳಿತು, ಗೂಟ ಹಿಡಿಯುವ ಬಗೆ, ಎರಡು ಕೈ ಎದುರುಬದುರಾಗಿ ತಿರುಗಿಸುವ ಬಗೆ, ಎಡಗೈಯಲ್ಲಿ ಕಾಳು ಹಾಕುವ ಲೆಕ್ಕ ಇವನ್ನೆಲ್ಲ ಅಭಿನಯಿಸಿ ತೋರಿಸುತ್ತ, ಬೀಸುವಾಗ ಹಾಡುತ್ತಿದ್ದ ಪದವನ್ನು ಮೆಲ್ಲನೆ ಆರಂಭಿಸಿದರು. ಹುಡುಗಿ ಬಾಯಿ ತೆರೆದುಕೊಂಡು ಕೇಳುತ್ತಿದ್ದಳು. ಪಕ್ಕದಲ್ಲಿದ್ದ ನಾಲ್ಕಾರು ಜನರೂ ನಿಂತರು. “ಅಜ್ಜೀ, ಇಲ್ಲೆಲ್ಲ ಕೂರಂಗಿಲ್ಲ, ಹಾಡಂಗಿಲ್ಲ, ನೋಡ್ಕೊಂಡು ಮುಂದೆ ಹೋಗ್ಬೇಕು” ಎಂದು ಕಾವಲುಗಾರ ಎಬ್ಬಿಸಿದ. “ಆಯ್ತಪ್ಪ” ಎಂದು ಆಕೆ ಸೆರಗು ಕೊಡವಿಕೊಂಡು ಎದ್ದರು. ಆ ಕಾವಲುಗಾರನದು ಅಪರಾಧವಲ್ಲ. ಅವನಿಗೆ ಕೊಟ್ಟ ಅಪ್ಪಣೆಯನ್ನು ಅವನು ಪಾಲಿಸಿದ. ಆದರೆ ಆ ಮನೆಯಲ್ಲಿ ಅಂದು ಇದ್ದ ಅತ್ಯಂತ ಬೆಲೆಬಾಳುವ ವಸ್ತು ಯಾವುದೆಂದು ಕೇಳಿದರೆ, ಅದು ಆ ವೃದ್ಧೆಯ ಕೈಗಳಲ್ಲಿದ್ದ ಅರಿವು. ಅದನ್ನೇ ಅಪ್ಪಣೆಯು ಹೊರಗೆ ಕಳುಹಿಸಿತು, ಕಲ್ಲನ್ನು ಒಳಗೆ ಉಳಿಸಿಕೊಂಡಿತು.

ಮಾರ್ಗದರ್ಶನವು ಸ್ಮಾರಕಗೃಹಕ್ಕೆ ಬೇಕಾದರೆ ಇರಲಿ ಎನ್ನುವಂಥ ಉಪಚಾರವಲ್ಲ, ಅದೇ ಅದರ ಪ್ರಾಣ ಎಂಬುದಕ್ಕೆ ನ್ಯೂಯಾರ್ಕ್ ನಗರದ ಆರ್ಚರ್ಡ್ ಬೀದಿಯ 97ನೆಯ ಸಂಖ್ಯೆಯ ಕಟ್ಟಡ ಪ್ರಬಲವಾದ ಸಾಕ್ಷಿ. 1863ರಲ್ಲಿ ಕಟ್ಟಿದ ಆ ಬಾಡಿಗೆಯ ವಠಾರದಲ್ಲಿ ಯಾವ ಮಹಾಪುರುಷನೂ ಹುಟ್ಟಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ದೇಶಗಳಿಂದ ವಲಸೆ ಬಂದ ಸುಮಾರು 7000 ಬಡವರು ಒಬ್ಬರಾದ ಮೇಲೊಬ್ಬರಂತೆ ಅಲ್ಲಿ ಬಾಳಿದರು. 1935ರಲ್ಲಿ ಬಾಡಿಗೆದಾರರು ಹೊರಬಿದ್ದು ಮೇಲಂತಸ್ತುಗಳು ಬೀಗ ಕಂಡುವು. 1988ರಲ್ಲಿ ಇಬ್ಬರು ಮಹಿಳೆಯರು ಅದನ್ನು ಆಧಾರ ಮಾಡಿಕೊಂಡು ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿದರು. ಆ ಕೋಣೆಗಳನ್ನು ಮಾರ್ಗದರ್ಶಕರ ಜೊತೆಯಲ್ಲದೆ ನೋಡುವಂತಿಲ್ಲ. ಏಕೆಂದರೆ ಅಲ್ಲಿ ನೋಡಬೇಕಾದುದಕ್ಕಿಂತ ಕೇಳಬೇಕಾದುದೇ ಹೆಚ್ಚು. ನಟಾಲಿ ಗುಂಪರ್ಟ್ಸ್ ಎಂಬಾಕೆಯ ಗಂಡ 1874ರಲ್ಲಿ ಒಂದು ದಿನ ಕೆಲಸಕ್ಕೆಂದು ಹೊರಟವನು ಮತ್ತೆ ಬರಲಿಲ್ಲ. ಆಕೆ ಆ ಇಕ್ಕಟ್ಟಾದ ಮನೆಯಲ್ಲಿಯೇ ಬಟ್ಟೆ ಹೊಲಿದು ಮಕ್ಕಳನ್ನು ಸಾಕಿದಳು. ಒಂದು ಹೊಲಿಗೆಯ ಯಂತ್ರ, ಒಂದು ಕಿಟಕಿ, ಹೇಳುವ ಒಬ್ಬ ಮನುಷ್ಯ; ಇಷ್ಟರಿಂದ ಒಂದು ಶತಮಾನದ ವಲಸೆಯ ಇತಿಹಾಸವೇ ಕೇಳುಗನ ಮನಸ್ಸಿನಲ್ಲಿ ನೆಲೆಗೊಳ್ಳುತ್ತದೆ. ಪದಕವಿಲ್ಲದ, ಪ್ರಶಸ್ತಿಯಿಲ್ಲದ ಮನೆ ಮಾತಿನ ಬಲವೊಂದರಿಂದಲೇ ಲೋಕಪ್ರಸಿದ್ಧವಾಗಬಲ್ಲುದಾದರೆ, ಇಷ್ಟೆಲ್ಲ ಸಂಪತ್ತುಳ್ಳ ನಮ್ಮ ಕವಿಮನೆಗಳು ಮೂಕವಾಗಿರುವುದಕ್ಕೆ ಏನು ನೆವ?

ಮೌನದ ಮತಕ್ಕೆ ಇನ್ನೂ ಗಹನವಾದ ಒಂದು ದೋಷವಿದೆ. ಮೌನವು ಎಂದೂ ನಿಷ್ಪಕ್ಷಪಾತವಾಗಿರುವುದಿಲ್ಲ. ಅದು ಮನೆಯ ಯಜಮಾನನ ಪರವಾಗಿಯೇ ನಿಲ್ಲುತ್ತದೆ. ಫಲಕದ ಮೇಲೆ ಮಹನೀಯರ ಜನನ ಮರಣಗಳ ತೇದಿ, ಕೃತಿಗಳ ಪಟ್ಟಿ, ಗೌರವಗಳ ಪಟ್ಟಿ ಇರುತ್ತವೆ. ಆ ಮನೆಯ ಒಲೆ ಉರಿಸಿದವರು, ಹಂಡೆಗೆ ನೀರು ತುಂಬಿದವರು, ಅಡಕೆ ಸುಲಿದವರು, ಕೊಟ್ಟಿಗೆ ಬಾಚಿದವರು, ಜೀತಕ್ಕೆ ದುಡಿದು ಜಗುಲಿಯ ಕೆಳಗೇ ನಿಂತು ಹಿಂತಿರುಗಿದವರು ಇವರಿಗೆ ಫಲಕದಲ್ಲಿ ಸ್ಥಳವಿಲ್ಲ. ಇಲ್ಲಿ ಕುವೆಂಪು ಅವರೇ ನಮಗೆ ಗುರುಗಳಾಗಬೇಕು. 1967ರಲ್ಲಿ ಪ್ರಕಟವಾದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಹೆಗ್ಗಡೆಗಳ ಮನೆಗಳಷ್ಟೇ ಮುಖ್ಯರಾಗಿ ಗುತ್ತಿಯಿದ್ದಾನೆ, ತಿಮ್ಮಿಯಿದ್ದಾಳೆ, ಐತ ಪಿಂಚಲುಗಳಿದ್ದಾರೆ. ಹೊಲಗೇರಿಯ ಬಿಡಾರದಲ್ಲಿ ನಡೆಯುವುದೂ ಚೌಕಿಮನೆಯ ಜಗುಲಿಯಲ್ಲಿ ನಡೆಯುವುದೂ ಸಮಾನವಾದ ಕಾವ್ಯಪದವಿಯನ್ನು ಪಡೆದಿವೆ. ಆ ಮಹಾಲೇಖಕರು ತಮ್ಮ ಕೃತಿಯಲ್ಲಿ ಯಾರಿಗೆ ನಾಯಕತ್ವವನ್ನೇ ಕೊಟ್ಟರೋ ಅವರ ಹೆಸರನ್ನು ಎತ್ತದೆಯೇ ಮಲೆನಾಡಿನ ಮನೆಯೊಂದನ್ನು ತೋರಿಸಿ ಮುಗಿಸುವುದು ಕುವೆಂಪು ಅವರ ದರ್ಶನಕ್ಕೇ ಅಪಚಾರ. ತೊಟ್ಟಿಯಲ್ಲಿ ನಿಂತು ಮಾರ್ಗದರ್ಶಕನು ಹೇಳಬೇಕು: ಯಾರು ಎಲ್ಲಿಯವರೆಗೆ ಬರಬಹುದಾಗಿತ್ತು, ಯಾರಿಗೆ ಯಾವ ಹೊಸ್ತಿಲು ಗಡಿಯಾಗಿತ್ತು, ಬಾಣಂತಿಯ ಕೋಣೆಯ ಕತ್ತಲೆಯಲ್ಲಿ ಹೆಣ್ಣುಮಕ್ಕಳು ಏನನ್ನು ಅನುಭವಿಸಿದರು ಎಂಬುದನ್ನು. ಹೇಳಿದರೆ ಮನೆತನದ ಗೌರವ ಕುಗ್ಗುವುದಿಲ್ಲ. ಆ ಲೋಕದೊಳಗಿಂದಲೇ ವಿಶ್ವಮಾನವತೆಯ ಮಾತು ಹುಟ್ಟಿತೆಂಬ ಅಚ್ಚರಿ ನೂರ್ಮಡಿಯಾಗುತ್ತದೆ.

ಸತ್ಯವನ್ನು ಹೇಳಿದರೆ ಸ್ಮಾರಕಕ್ಕೆ ಕುಂದೆಂಬ ಭಯವುಳ್ಳವರು ಅಮೆರಿಕದ ಮಾಂಟಿಸೆಲ್ಲೋವನ್ನು ನೋಡಬಹುದು. ಅದು ಸ್ವಾತಂತ್ರ್ಯಘೋಷಣೆಯನ್ನು ರಚಿಸಿದ ಥಾಮಸ್ ಜೆಫರ್ಸನ್ನನ ಮನೆ. ಅವನೇ ತನ್ನ ಜೀವಮಾನದಲ್ಲಿ 600ಕ್ಕೂ ಮೇಲ್ಪಟ್ಟ ಜನರನ್ನು ಗುಲಾಮರನ್ನಾಗಿ ಇರಿಸಿಕೊಂಡಿದ್ದವನು. ಬಹುಕಾಲ ಆ ಮನೆಯನ್ನು ನೋಡಬಂದವರು ಅವನ ಪುಸ್ತಕಗಳನ್ನೂ ಯಂತ್ರಕೌಶಲವನ್ನೂ ಕೊಂಡಾಡಿ ಹೋಗುತ್ತಿದ್ದರು. ಇಂದು ಅಲ್ಲಿ ಗುಲಾಮರ ಬಾಳನ್ನೇ ವಿಷಯವಾಗುಳ್ಳ ಪ್ರತ್ಯೇಕ ಸಂದರ್ಶನಗಳಿವೆ. 2018ರಲ್ಲಿ ಸ್ಯಾಲಿ ಹೆಮಿಂಗ್ಸ್ ಎಂಬ ಗುಲಾಮ ಸ್ತ್ರೀಯ ಜೀವನವನ್ನು ಹೇಳುವ ಕೋಣೆಯನ್ನೂ ತೆರೆದರು. ಮನೆ ಬಿದ್ದುಹೋಗಲಿಲ್ಲ, ಜೆಫರ್ಸನ್ನನ ಹೆಸರು ಅಳಿಯಲಿಲ್ಲ. ಆದರೆ ಒಂದು ದೇಶವು ತನ್ನ ಅತ್ಯುತ್ತಮವಾದ ಮಾತನ್ನೂ ಅತ್ಯಂತ ಹೀನವಾದ ನಡತೆಯನ್ನೂ ಒಂದೇ ಸೂರಿನಡಿಯಲ್ಲಿ ಎದುರಿಸುವುದಕ್ಕೆ ಧೈರ್ಯ ತಂದುಕೊಂಡಿತು. ಈ ಧೈರ್ಯವು ಗಾಜಿನ ಕಪಾಟಿನಿಂದ ಬರುವುದಿಲ್ಲ. ಓದಿದ, ತರಬೇತಿ ಹೊಂದಿದ, ಪ್ರಶ್ನೆಗೆ ಅಂಜದ ಮಾರ್ಗದರ್ಶಕನಿಂದ ಬರುತ್ತದೆ.

ಇನ್ನು ವಿರೋಧಿಗಳ ಆಕ್ಷೇಪಗಳಲ್ಲೆಲ್ಲ ತೂಕವುಳ್ಳದ್ದನ್ನು ಎತ್ತಿಕೊಳ್ಳೋಣ. ಜನರ ಬಳಕೆಯಿಂದ ಹಳೆಯ ಕಟ್ಟಡ ಸವೆಯುತ್ತದೆ, ಮರದ ಉಪ್ಪರಿಗೆ ನೂರಾರು ಕಾಲುಗಳ ಭಾರವನ್ನು ತಡೆಯಲಾರದು, ಬೆವರೂ ಧೂಳೂ ಹಸ್ತಪ್ರತಿಗಳನ್ನು ಕೆಡಿಸುತ್ತವೆ ಎಂಬುದು ಆ ಆಕ್ಷೇಪ. ಇದರಲ್ಲಿ ಸತ್ಯಾಂಶವಿದೆ, ಆದುದರಿಂದ ಹಸ್ತಪ್ರತಿಗಳನ್ನು ಬೇರೆಡೆ ಭದ್ರಪಡಿಸಿ ಪ್ರತಿಕೃತಿಗಳನ್ನು ಇಡಬೇಕು, ಮಹಡಿಗೆ ಒಂದು ಸಲಕ್ಕೆ ಹತ್ತು ಹದಿನೈದು ಮಂದಿಗಿಂತ ಹೆಚ್ಚು ಬಿಡಬಾರದು, ದುರ್ಬಲವಾದ ಭಾಗಗಳಿಗೆ ಪ್ರವೇಶವನ್ನೇ ತಡೆಯಬೇಕು. ಆದರೆ ಬಳಕೆ ಸವೆಸುತ್ತದೆಂಬ ಅರ್ಧಸತ್ಯದ ಇನ್ನರ್ಧವನ್ನು ಮಲೆನಾಡಿನ ಯಾವ ರೈತನಾದರೂ ಹೇಳಬಲ್ಲನು: ಬಾಗಿಲು ಹಾಕಿದ ಮನೆಯೇ ಬೇಗ ಕೆಡುವುದು. ಕುಪ್ಪಳಿಯಿರುವ ತೀರ್ಥಹಳ್ಳಿ ತಾಲ್ಲೂಕಿನಲ್ಲಿಯೇ ಆಗುಂಬೆಯಿದೆ. ಅಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅಂಥ ಸೀಮೆಯಲ್ಲಿ ಒಲೆ ಉರಿಯದ ಮನೆಯ ಗೋಡೆ ಥಂಡಿ ಹಿಡಿದು ಬೂಷ್ಟು ಕಟ್ಟುತ್ತದೆ, ಹೊಗೆ ತಾಗದ ತೊಲೆ ಜಂತಿಗಳನ್ನು ಹುಳು ಕೊರೆಯುತ್ತದೆ, ಗುಡಿಸಿ ಸಾರಿಸದ ಮೂಲೆಗೆ ಗೆದ್ದಲು ಏರುತ್ತದೆ, ಸರಿದ ಹೆಂಚನ್ನು ಯಾರೂ ನೋಡದೆ ಒಂದು ಮಳೆಗಾಲದಲ್ಲಿ ಮಾಡು ಸೋರಿ ಗೋಡೆ ಕುಸಿಯುತ್ತದೆ. ಆಗುಂಬೆಯ ದೊಡ್ಡಮನೆಯ ಉದಾಹರಣೆ ಎಲ್ಲರಿಗೂ ಗೊತ್ತಿರುವುದೇ. ನಾರಾಯಣರ ಕಥೆಗಳನ್ನು ಆಧರಿಸಿ ಶಂಕರ್ ನಾಗ್ ದೂರದರ್ಶನಕ್ಕಾಗಿ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಚಿತ್ರೀಕರಣಗೊಂಡ ಆ ನೂರು ವರ್ಷಕ್ಕೂ ಹಳೆಯ ಮನೆ, ದಶಕಗಳ ಕಾಲ ದಾರಿಹೋಕರಿಗೆ ಊಟವಿಕ್ಕಿ ತಂಗಲು ಇಂಬು ಕೊಟ್ಟಿದೆ. ಅದು ಗಟ್ಟಿಯಾಗಿ ನಿಂತದ್ದು ಜನ ಬಂದುದರಿಂದಲೇ, ಜನ ಬಂದರೂ ಅಲ್ಲ. ಕಟ್ಟಡದ ಕ್ಷೇಮಕ್ಕೆ ಕಾವಲಿಗಿಂತ ಮಿಗಿಲಾದ ರಕ್ಷಣೆ ದಿನನಿತ್ಯದ ಮಮತೆ; ಮಮತೆ ಹುಟ್ಟುವುದು ಬಳಕೆಯಿಂದ.

ಸಮುದಾಯದ ಕಾರ್ಯಕ್ರಮಗಳೆಂದರೆ ಗದ್ದಲವೇ ಎಂದು ಭಾವಿಸುವವರಿಗೆ ನಾನು ಅವರ ಅನುಭವವನ್ನು ಒಪ್ಪಿಕೊಂಡೇ ಉತ್ತರ ಹೇಳಬೇಕಾಗಿದೆ. ಅವರು ಕಂಡಿರುವ ಕಾರ್ಯಕ್ರಮವೆಂದರೆ ಶಾಮಿಯಾನ, ಧ್ವನಿವರ್ಧಕ, ಎರಡು ಗಂಟೆ ತಡವಾಗಿ ಬರುವ ಅಧ್ಯಕ್ಷರು, ಹಾರ ತುರಾಯಿ, ಶಾಲು, ಸ್ಮರಣಿಕೆ, ಭಾಷಣದ ಮೇಲೆ ಭಾಷಣ. ಇಂಥ ಸಭೆಗಳು ಸ್ಮಾರಕಗೃಹಕ್ಕೆ ಶೋಭೆ ತಾರವು. ಅಲ್ಲಿಗೆ ಬಂದ ಊರವನು ಕುರ್ಚಿ ತುಂಬುವುದಕ್ಕೆ ಬಂದವನೇ ಹೊರತು ಮನೆಯೊಡನೆ ಸಂಬಂಧ ಬೆಳೆಸುವುದಕ್ಕೆ ಬಂದವನಲ್ಲ. ಆದರೆ ಕೆಟ್ಟ ಸಭೆಗೆ ಪರಿಹಾರ ಒಳ್ಳೆಯ ಕೂಟವೇ ಹೊರತು ಬೀಗವಲ್ಲ. ದೀಪಾವಳಿಯ ರಾತ್ರಿಗಳಲ್ಲಿ ಮಲೆನಾಡಿನ ಹಳ್ಳಿಗಳ ತಂಡಗಳು ದೀಪ ಹಿಡಿದು ಮನೆಯಿಂದ ಮನೆಗೆ ಹಾಡುತ್ತ ನಡೆಯುವ ಅಂಟಿಗೆ ಪಂಟಿಗೆಯ ಸಂಪ್ರದಾಯವಿದೆ. ಆ ತಂಡಕ್ಕೆ ಬಾಗಿಲು ತೆರೆದು, ಜಗುಲಿಯಲ್ಲಿ ಕುಳ್ಳಿರಿಸಿ, ದೀಪಕ್ಕೆ ಎಣ್ಣೆ ಹಾಕಿ ಕಳುಹಿಸುವುದು ಸ್ಮಾರಕಗೃಹದ ವಾರ್ಷಿಕ ವಿಧಿಯಾಗಬೇಕು. ಮಳೆಗಾಲದಲ್ಲಿ ಕಳಲೆ, ಕೆಸುವಿನ ಎಲೆಗಳ ಅಡುಗೆಯನ್ನು ಊರಿನ ಹೆಂಗಸರು ಅಲ್ಲಿನ ಹಿತ್ತಿಲಲ್ಲಿ ಮಾಡಿ ಮಕ್ಕಳಿಗೆ ಬಡಿಸುವ ದಿನವಿರಬೇಕು. ಸೋಬಾನೆ ಹಾಡುವವರು, ಹಸೆ ಚಿತ್ತಾರ ಬರೆಯುವವರು, ಚಾಪೆ ಬುಟ್ಟಿ ಹೆಣೆಯುವವರು ತಮ್ಮ ವಿದ್ಯೆಯನ್ನು ಕಲಿಸುವ ವಾರಗಳಿರಬೇಕು. ಕೃತಿಗಳನ್ನು ಅಧ್ಯಾಯ ಅಧ್ಯಾಯವಾಗಿ ಗಟ್ಟಿಯಾಗಿ ಓದುವ, ಓದಿದ ಮೇಲೆ ಊರಿನ ಹಿರಿಯರು ಅದರಲ್ಲಿನ ಸಂಗತಿಗಳನ್ನು ತಮ್ಮ ನೆನಪಿನಿಂದ ತಿದ್ದುವ, ಬೆಳೆಸುವ ಸಂಜೆಗಳಿರಬೇಕು. ಕುಪ್ಪಳಿಯ ಆವರಣದಲ್ಲಿ ಶಿಬಿರಗಳೂ ಗೋಷ್ಠಿಗಳೂ ನಡೆಯುತ್ತಿರುವುದು ಶ್ಲಾಘ್ಯವಾದುದು. ಆದರೆ ಗೋಷ್ಠಿಗೆ ಬರುವವರು ಹೊರಗಿನ ವಿದ್ವಾಂಸರು. ನಾನು ಹೇಳುತ್ತಿರುವುದು ಯಾವುದೇ ಸ್ಮಾರಕಗೃಹದ ನೆರೆಹೊರೆಯ ರೈತರೂ ಕೂಲಿಕಾರರೂ ಅವರ ಮಕ್ಕಳೂ ಅದನ್ನು ನಮ್ಮದು ಎನ್ನುವ ಸ್ಥಿತಿಯನ್ನು ಕುರಿತು.

ಇಂಥ ಕೂಟಗಳಿಂದ ಸ್ಮಾರಕದ ಘನತೆ ತಗ್ಗುವುದೆನ್ನುವವರು ಷಿಕಾಗೋ ನಗರದ ಹಲ್ ಹೌಸಿನ ಇತಿಹಾಸವನ್ನು ಗಮನಿಸಬೇಕು. ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಎಂಬ ಇಬ್ಬರು ಸ್ತ್ರೀಯರು 1889ರಲ್ಲಿ ವಲಸೆಗಾರರ ಬಡಕೇರಿಯ ನಡುವೆ ಒಂದು ಹಳೆಯ ಮನೆಯನ್ನು ಹಿಡಿದು, ನೆರೆಹೊರೆಯವರಿಗೆ ಶಿಶುವಿಹಾರ, ರಾತ್ರಿಯ ತರಗತಿ, ನಾಟಕಶಾಲೆ, ಊಟದ ಮನೆಗಳನ್ನು ಕಟ್ಟುತ್ತ ಅದನ್ನು ಹದಿಮೂರು ಕಟ್ಟಡಗಳಿಗೆ ಬೆಳೆಸಿದರು. ಆಡಮ್ಸ್ 1931ರಲ್ಲಿ ನೊಬೆಲ್ ಶಾಂತಿ ಪಾರಿತೋಷಿಕವನ್ನು ಪಡೆದರು. 1960ರ ದಶಕದಲ್ಲಿ ವಿಶ್ವವಿದ್ಯಾನಿಲಯದ ವಿಸ್ತರಣೆಗಾಗಿ ಆ ಕಟ್ಟಡಗಳಲ್ಲಿ ಬಹುಪಾಲು ನೆಲಸಮವಾಗಿ, ಮೂಲದ ಮನೆಯೂ ಭೋಜನಶಾಲೆಯೂ ಮಾತ್ರ ಉಳಿದು ಸಂಗ್ರಹಾಲಯವಾದುವು. ಉಳಿದ ಭೋಜನಶಾಲೆಯಲ್ಲಿ ಸಂಗ್ರಹಾಲಯದವರು ಮೇಜು ಕುರ್ಚಿಗಳನ್ನು ಹಗ್ಗ ಕಟ್ಟಿ ತೋರಿಸಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವರು ಹಾಗೆ ಮಾಡದೆ, ಈ ಶತಮಾನದಲ್ಲಿ ಆ ಮೇಜುಗಳಿಗೆ ಜನರನ್ನು ಕರೆದು, ಬಿಸಿ ಸೂಪನ್ನು ಉಚಿತವಾಗಿ ಬಡಿಸಿ, ಅನ್ನ, ಬೇಸಾಯ, ಕೂಲಿ ಮುಂತಾದ ವಿಷಯಗಳನ್ನು ಕುರಿತು ಮಾತುಕತೆ ನಡೆಸಿದರು. ಆಡಮ್ಸ್ ಮಾಡಿದ ಕೆಲಸವನ್ನು ಆಕೆಯ ಮೇಜಿನ ಮೇಲೆಯೇ ಮುಂದುವರಿಸಿದುದಕ್ಕಿಂತ ದೊಡ್ಡ ಗೌರವವನ್ನು ಆಕೆಗೆ ಯಾರು ಸಲ್ಲಿಸಬಲ್ಲರು?

ಊರವರ ಬಳಕೆಗೆ ಇನ್ನೂ ಒಂದು ಪ್ರಯೋಜನವಿದೆ. ಅದು ವಿವಾದಗಳನ್ನು ಕರಗಿಸುತ್ತದೆ. 2011ರಲ್ಲಿ ನಾರಾಯಣರ ಮನೆಯನ್ನು ಕೆಡವುವ ಕೆಲಸ ಆರಂಭವಾಗಿ, ಜನಾಭಿಪ್ರಾಯದ ಒತ್ತಡದಿಂದ ನಿಂತು, ಅದನ್ನು ಸಾರ್ವಜನಿಕ ಹಣದಿಂದ ಕೊಂಡು ಉಳಿಸುವ ಪ್ರಸ್ತಾಪ ಬಂದಾಗ, ಇಂಗ್ಲಿಷಿನಲ್ಲಿ ಬರೆದವರ ಮನೆಗೆ ಕನ್ನಡಿಗರ ಹಣವೇಕೆ ಎಂದು ಕನ್ನಡದ ಕೆಲವು ಲೇಖಕರು ಕೇಳಿದರು. ಮನೆಯನ್ನು ನಗರಪಾಲಿಕೆ ಕೊಂಡು ದುರಸ್ತಿ ಮಾಡಿ 2016ರಲ್ಲಿ ತೆರೆಯಿತು. ಆದರೆ ಆ ಪ್ರಶ್ನೆಗೆ ನಿಜವಾದ ಉತ್ತರ ಕಟ್ಟಡದ ದುರಸ್ತಿಯಲ್ಲ. ಮೈಸೂರಿನ ಕನ್ನಡ ಶಾಲೆಗಳ ಮಕ್ಕಳು ಅಲ್ಲಿ ಕುಳಿತು ನಾರಾಯಣರ ಬಾಲನಾಯಕ ಸ್ವಾಮಿಯ ಕಥೆಗಳನ್ನು ಕನ್ನಡದಲ್ಲಿ ಕೇಳಿ, ಅಭಿನಯಿಸಿ, ತಮ್ಮ ಬೀದಿಯ ಕಥೆಗಳನ್ನು ತಾವೇ ಬರೆದು ಓದುವ ದಿನ ಆ ಮನೆ ಕನ್ನಡದ್ದಾಗುತ್ತದೆ. ಅಂದು ಆ ಪ್ರಶ್ನೆ ಕೇಳುವವರೇ ಇರುವುದಿಲ್ಲ.

ಏಕಾಂತದಲ್ಲಿ ಕವಿಯ ಚೇತನದೊಡನೆ ಸಂವಾದ ನಡೆಸಬಯಸುವವರಿಗೆ ಮೌನ ಬೇಡವೆ ಎಂದು ಕೇಳುವವರುಂಟು. ಬೇಕು, ಅವಶ್ಯವಾಗಿ ಬೇಕು. ಕುಪ್ಪಳಿಯಲ್ಲಿ ಅದಕ್ಕಾಗಿಯೇ ಎಂಬಂತೆ ಕವಿಶೈಲವಿದೆ. ಕವಿ ಕುಳಿತು ಸಂಜೆಗಳನ್ನು ಕಂಡ, 1994ರಲ್ಲಿ ಅವರ ದೇಹವು ಅಗ್ನಿಗೆ ಸಂದ ಆ ಬಂಡೆಯ ನೆತ್ತಿಯಲ್ಲಿ ಮಾತು ತಾನಾಗಿಯೇ ನಿಲ್ಲುತ್ತದೆ, ನಿಲ್ಲತಕ್ಕದ್ದೂ ಅಹುದು. ಬೆಟ್ಟದ ಧರ್ಮ ಬೇರೆ, ಮನೆಯ ಧರ್ಮ ಬೇರೆ. ಮನೆಯಲ್ಲಿಯೂ ಬೆಳಗಿನ ಒಂದೆರಡು ಗಂಟೆ ಮಾತಿಲ್ಲದ ಸಂದರ್ಶನಕ್ಕೆ ಮೀಸಲಾಗಿರಲಿ. ನನ್ನ ವಿರೋಧವಿರುವುದು ಮೌನಕ್ಕಲ್ಲ, ಮೌನವೊಂದೇ ಎಂಬ ಹಟಕ್ಕೆ.

2015ರ ನವೆಂಬರಿನಲ್ಲಿ ಕಳ್ಳರು ಕುಪ್ಪಳಿಯ ಕವಿಮನೆಗೆ ನುಗ್ಗಿ ಕುವೆಂಪು ಅವರಿಗೆ ಸಂದಿದ್ದ ಪದ್ಮ ಪ್ರಶಸ್ತಿಯ ಪದಕಗಳನ್ನು ಕದ್ದೊಯ್ದರು. ನಾಡಿಗೆ ನಾಡೇ ತಲ್ಲಣಿಸಿತು; ಅದು ಯೋಗ್ಯವೇ. ಆದರೆ ಮಲೆನಾಡಿನ ಹಳ್ಳಿಗಳಲ್ಲಿ ಬೀಸುವ ಪದ ಬಲ್ಲ, ಜೀತದ ದಿನಗಳನ್ನು ಕಣ್ಣಾರೆ ಕಂಡ, ಕುವೆಂಪು ಅವರ ಕಾದಂಬರಿಗಳ ಲೋಕದ ಕೊನೆಯ ನೆನಪುಗಳನ್ನು ಹೊತ್ತ ಮುದುಕ ಮುದುಕಿಯರು ಒಬ್ಬೊಬ್ಬರಾಗಿ ತೀರಿಹೋಗುತ್ತಿರುವಾಗ, ಆ ನಷ್ಟಕ್ಕೆ ಯಾವ ಠಾಣೆಯಲ್ಲಿಯೂ ದೂರು ದಾಖಲಾಗುವುದಿಲ್ಲ, ಯಾವ ಪತ್ರಿಕೆಯೂ ಮುಖಪುಟದಲ್ಲಿ ಶೋಕಿಸುವುದಿಲ್ಲ. ಲೋಹವನ್ನು ಕಾಯುವುದಕ್ಕೆ ಕ್ಯಾಮೆರಾ ಹಾಕಿಸಬಹುದು. ನೆನಪನ್ನು ಕಾಯುವುದಕ್ಕೆ ಕೇಳುವ ಕಿವಿಯನ್ನೂ ಕೂರುವ ಚಾಪೆಯನ್ನೂ ಒದಗಿಸಬೇಕು, ಅದೂ ಈಗಲೇ.

ಆದುದರಿಂದ ಪ್ರತಿಷ್ಠಾನಗಳನ್ನೂ ನಗರಪಾಲಿಕೆಗಳನ್ನೂ ಸರ್ಕಾರವನ್ನೂ ನಾವು ಸ್ಪಷ್ಟವಾಗಿ ಕೇಳಬೇಕಾದುದು ಇಷ್ಟು. ಪ್ರತಿಯೊಂದು ಸ್ಮಾರಕಗೃಹಕ್ಕೂ ಆ ಊರಿನ ಯುವಕ ಯುವತಿಯರಲ್ಲಿಯೇ ಆಯ್ದ, ಕೃತಿಗಳನ್ನು ಓದಿಸಿ ತರಬೇತಿ ಕೊಟ್ಟ, ಬದುಕಿಗೆ ಸಾಲುವಷ್ಟು ಸಂಬಳವುಳ್ಳ ಮಾರ್ಗದರ್ಶಕರನ್ನು ನೇಮಿಸಬೇಕು. ಕಾವಲುಗಾರನ ಸಂಬಳಕ್ಕೆ ಹಣವಿರುವ ಆಯವ್ಯಯದಲ್ಲಿ ಹೇಳುವವನ ಸಂಬಳಕ್ಕೆ ಹಣವಿಲ್ಲವೆಂಬ ಉತ್ತರವನ್ನು ಒಪ್ಪಿಕೊಳ್ಳಕೂಡದು. ಆಡಳಿತ ಮಂಡಲಿಯಲ್ಲಿ ಸಾಹಿತಿಗಳ, ಅಧಿಕಾರಿಗಳ ಜೊತೆಗೆ ನೆರೆಯ ಹಳ್ಳಿಗಳ ಹೆಂಗಸರಿಗೂ ದುಡಿಯುವವರಿಗೂ ಸ್ಥಾನವಿರಬೇಕು. ಮನೆಯ ಕಥೆಯಲ್ಲಿ ಯಾರನ್ನು ಬಿಟ್ಟಿದೆಯೆಂಬುದನ್ನು ಅವರು ಹೇಳಬಲ್ಲರು. ಹಿರಿಯರ ನೆನಪುಗಳನ್ನು ಅವರ ಮಾತಿನಲ್ಲಿಯೇ ಧ್ವನಿಮುದ್ರಿಸಿ ಆ ಮನೆಯಲ್ಲಿಯೇ ಕೇಳಿಸುವ ಏರ್ಪಾಡಾಗಬೇಕು. ತಿಂಗಳಿಗೊಮ್ಮೆಯಾದರೂ ಊರಿನವರು ಟಿಕೀಟಿಲ್ಲದೆ, ಆಹ್ವಾನಪತ್ರಿಕೆಯಿಲ್ಲದೆ ಬಂದು ಕೂಡುವ ದಿನ ಗೊತ್ತಾಗಬೇಕು. ಇದಕ್ಕೆ ಕೋಟಿಗಳು ಬೇಕಿಲ್ಲ; ಒಂದು ಜಯಂತಿಯ ಶಾಮಿಯಾನಕ್ಕೂ ಸನ್ಮಾನಕ್ಕೂ ಸುರಿಯುವ ಹಣದಿಂದ ಈ ಕೆಲಸದ ಬಹುಭಾಗವನ್ನು ಆರಂಭಿಸಬಹುದು.

ಮಹನೀಯರ ಮನೆಗಳನ್ನು ನಾವು ಉಳಿಸಿಕೊಂಡದ್ದು ಅವರು ಒಂದು ಕಾಲದಲ್ಲಿ ಇದ್ದರೆಂಬುದನ್ನು ದೃಢಪಡಿಸುವುದಕ್ಕಲ್ಲ. ಅವರು ಹೇಳಿದ ಮಾತು ಮುಂದಿನ ಮಗುವಿನ ಬಾಳಿನಲ್ಲಿ ಕೆಲಸ ಮಾಡಲಿ ಎಂಬುದಕ್ಕಾಗಿ. ಮುಟ್ಟಬೇಡ, ಮಾತಾಡಬೇಡ, ಮುಂದೆ ಹೋಗು ಎಂಬ ಮೂರು ಅಪ್ಪಣೆಗಳನ್ನಷ್ಟೆ ಕೇಳಿ ಹಿಂತಿರುಗುವ ಮಗು ಅಲ್ಲಿಂದ ಏನನ್ನೂ ಕೊಂಡೊಯ್ಯಲಾರದು. ಆ ಮಗುವಿಗೆ ಕುಳಿತುಕೊಳ್ಳಲು ಸ್ಥಳ, ಕೇಳಲು ಕಥೆ, ತಿರುಗಿ ಕೇಳಲು ಪ್ರಶ್ನೆಯ ಸ್ವಾತಂತ್ರ್ಯ ಇವನ್ನು ಕೊಡದ ಮನೆ, ಎಷ್ಟೇ ಸುಣ್ಣ ಬಣ್ಣ ಕಂಡಿದ್ದರೂ, ಸ್ಮಾರಕವೆಂಬ ಹೆಸರಿಗೆ ಅರ್ಹವಲ್ಲವೆಂದು ಹೇಳುವ ಹೊಣೆ ಆ ಮಹನೀಯರನ್ನು ಓದಿ ಬೆಳೆದ ನಮ್ಮೆಲ್ಲರ ಮೇಲೂ ಇದೆ.